ಆಯುಧಪೂಜೆಗೆ ತೊಳೆದ ಶಾಪ್ ಎರಡೇ ವಾರಕ್ಕೆ ಯಥಾಪ್ರಕಾರ: ಕೊಳೆಯ ಮೂಲ ಹಿಡಿಯೋದು ಹೇಗೆ?

ಸೆಕೆಂಡ್‌ಸ್ಟೇಜ್_ಟರ್ನಿಂಗ್
ಪೀಣ್ಯದಲ್ಲಿ ಜಾಬ್‌ವರ್ಕ್ ಶಾಪ್, 30×40 ಶೆಡ್. ಎರಡು ಸಿಎನ್‌ಸಿ ಟರ್ನಿಂಗ್ (ಪ್ರೋಗ್ರಾಂ ಮೇಲೆ ಓಡುವ ಲೇತ್), ಎರಡು ಹಳೇ ಲೇತ್, ಒಂದು ಪಿಲ್ಲರ್ ಡ್ರಿಲ್, 8 ಇಂಚಿನ ಬೆಂಚ್ ಗ್ರೈಂಡರ್, ಮೂಲೆಯಲ್ಲಿ ಕಂಪ್ರೆಸರ್. ಎಂಟು ಜನ. ಮೆಟೀರಿಯಲ್ ಹೆಚ್ಚಾಗಿ ಇಎನ್8 ಉಕ್ಕು, ನಡುನಡುವೆ ಅಲ್ಯೂಮಿನಿಯಂ. ಹಬ್ಬದ ಹಿಂದಿನ ದಿನ ಇಡೀ ಶಾಪ್ ತೊಳೀತೀವಿ, ಮಿಷಿನ್‌ಗಳಿಗೆ ಪೇಂಟ್ ಹೊಡೀತೀವಿ. ಎರಡು ವಾರಕ್ಕೆ ಮತ್ತೆ ಅದೇ ಜಾರುವ ನೆಲ, ಅದೇ ಚಿಪ್ಸ್ (ಕೆತ್ತಿದ ಲೋಹದ ಚೂರು), ಅದೇ ವಾಸನೆ. ಈಗ ಆರ್ಡರ್ ಕೊಡುವ ಕಂಪನಿಯವರು 5ಎಸ್ (ಶಾಪ್ ಚೊಕ್ಕಟವಾಗಿ, ಅಚ್ಚುಕಟ್ಟಾಗಿ ಇಡುವ ಜಪಾನಿ ಪದ್ಧತಿ) ಆಡಿಟ್‌ಗೆ ಬರ್ತಾರಂತೆ. ಗೋಡೆಗೆ ಚಾರ್ಟ್ ಅಂಟಿಸೋದು ಬಿಟ್ಟು ನಿಜವಾಗಿ ಏನು ಮಾಡಬೇಕು? ನೆಲಕ್ಕೆ ಎಪಾಕ್ಸಿ ಕೋಟಿಂಗ್ ಹೊಡೆಸಿಬಿಡೋದೇ?

ಡ್ರಿಪ್‌ಟ್ರೇ
ಎಪಾಕ್ಸಿ ಕಟ್ಟಕಡೆಗೆ. ಸೋರೋದು ನಿಲ್ಲದೆ ನೆಲಕ್ಕೆ ದುಡ್ಡು ಸುರಿದರೆ ಜಾರುವ ನೆಲದ ಬದಲು ಹೊಳೆಯುತ್ತಾ ಜಾರುವ ನೆಲ ಸಿಗುತ್ತೆ, ಅಷ್ಟೇ.

ಮೊದಲು ಒಂದೇ ಒಂದು ಮಿಷಿನ್ ಹಿಡೀರಿ. ಸುತ್ತಲೂ ಒರೆಸಿ ಒಣಗಿಸಿ. ಕೆಳಗೆ, ಸುತ್ತ ಎರಡು ಅಡಿವರೆಗೆ ಹಳೇ ನ್ಯೂಸ್‌ಪೇಪರ್ ಹಾಸಿ ಟೇಪ್ ಹಾಕಿ. ಪೇಪರ್ ಮೇಲೆ ನಡೆಯುವ ಜಾಗ ಇದ್ದರೆ ಅಲ್ಲಿ ರಟ್ಟು ಹಾಕಿ, ಇಲ್ಲದಿದ್ದರೆ ಪೇಪರೇ ಜಾರುತ್ತೆ. ಎರಡು ಗಂಟೆ ಮಾಮೂಲಿ ಕೆಲಸ ನಡೀಲಿ. ಆಮೇಲೆ ಕಲೆ ಓದಿ. ಹಾಲಿನಂಥ ನೀರು ಕೂಲಂಟ್ (ಕಟಿಂಗ್ ಮೇಲೆ ಬಿಡುವ ಎಣ್ಣೆ ಬೆರೆಸಿದ ನೀರು). ಅಂಟಂಟಾಗಿ ಕಂದು ಬಣ್ಣ ಇದ್ದರೆ ಸ್ಲೈಡ್‌ವೇ ಆಯಿಲ್ (ಮಿಷಿನ್‌ನ ಸರಿಯುವ ಭಾಗಕ್ಕೆ ಬಿಡುವ ಎಣ್ಣೆ). ತೆಳ್ಳಗೆ ಬೇಗ ಹರಡಿ ಪೇಪರ್ ಪಾರದರ್ಶಕ ಆಗಿದ್ದರೆ ಹೈಡ್ರಾಲಿಕ್. ಕಲೆ ಎಲ್ಲಿದೆಯೋ ಅದರ ನೇರಕ್ಕೆ ಮೇಲೆ ನೋಡುತ್ತಾ ಹೋಗಿ, ಮೂಲ ಸಿಗುತ್ತೆ.

ಹಳೇ ಲೇತ್‌ಗಳಲ್ಲಿ ಸಾಮಾನ್ಯವಾಗಿ ಸಿಗೋದು: ಹೆಡ್‌ಸ್ಟಾಕ್‌ಗೆ (ಗೇರ್, ಸ್ಪಿಂಡಲ್ ಇರುವ ಪೆಟ್ಟಿಗೆ) ಸೈಟ್ ಗ್ಲಾಸ್ ಗೆರೆ ಮೀರಿ ಎಣ್ಣೆ ತುಂಬಿರೋದು. ಜಾಸ್ತಿ ಹಾಕಿದರೆ ಒಳ್ಳೇದು ಅಂದ್ಕೊಂಡು ಹಾಕ್ತಾರೆ, ಅದು ಸ್ಪಿಂಡಲ್ ಮುಂದಿನ ಸೀಲಿಂದ ಚಕ್ (ಕೆತ್ತುವ ಜಾಬ್ ಹಿಡಿದು ತಿರುಗುವ ಭಾಗ) ಹಿಂಭಾಗಕ್ಕೆ ಬಂದು ಗೋಡೆಗೆ ಸಿಡಿಯುತ್ತೆ. ಗೋಡೆ ಮೇಲೆ ಸೊಂಟದ ಎತ್ತರದಲ್ಲಿ ನೆಟ್ಟಗೆ ಒಂದು ಕಪ್ಪು ಪಟ್ಟೆ ಇದೆಯಾ ನೋಡಿ. ಇದ್ದರೆ ಅದೇ.

ಜಿ04_ಗೌಡ
ಸಿಎನ್‌ಸಿ ಕಡೆ ಅರ್ಧ ಕೂಲಂಟ್ ನೆಲಕ್ಕೆ ಬರೋದು ಲೀಕ್‌ನಿಂದ ಅಲ್ಲ, ಬಾಗಿಲಿನಿಂದ. ಜಾಬ್ ಮುಗಿದ ತಕ್ಷಣ ಆಪರೇಟರ್ ಡೋರ್ ಎಳೀತಾನೆ. ಚಕ್, ಟೂಲ್ ಕೂರುವ ಟರೆಟ್ ಇನ್ನೂ ತೊಟ್ಟಿಕ್ಕುತ್ತಿರುತ್ತೆ. ಜಾಬ್ ತೆಗೆದು ಬೆಂಚಿಗೆ ಒಯ್ಯುವಷ್ಟರಲ್ಲಿ ಒಂದು ಸಾಲು ಹನಿ.

ಪ್ರೋಗ್ರಾಂ ಕೊನೆಯಲ್ಲಿ ಟೂಲ್ ಹೋಂ ಆದಮೇಲೆ ಎಂ09 ಹಾಕಿ ಕೂಲಂಟ್ ನಿಲ್ಲಿಸಿ, ಸ್ಪಿಂಡಲ್ 800 ಆರ್‌ಪಿಎಂನಲ್ಲಿ 3 ಸೆಕೆಂಡ್ ತಿರುಗಲಿ (ಜಿ04 ಎಕ್ಸ್3.0), ಆಮೇಲೆ ಎಂ05 (ಸ್ಪಿಂಡಲ್ ಸ್ಟಾಪ್), ಎಂ30 (ಪ್ರೋಗ್ರಾಂ ಎಂಡ್). ಆ ಮೂರು ಸೆಕೆಂಡಲ್ಲಿ ಚಕ್ ಮೇಲಿನ ನೀರೆಲ್ಲ ಒಳಗೇ ಚಿಮ್ಮಿಹೋಗುತ್ತೆ. ಪಾರ್ಟಿಂಗ್ ಆಗಿ ಬೀಳುವ ಜಾಬ್‌ಗೆ ತೊಂದರೆ ಇಲ್ಲ. ಉದ್ದ ಜಾಬ್ ಸೆಂಟರ್ ಸಪೋರ್ಟ್ ಇಲ್ಲದೆ ನೇತಾಡುತ್ತಿದ್ದರೆ, ಅಥವಾ ಒಂದೇ ಬದಿಗೆ ತೂಕ ಇರುವ ಕಾಸ್ಟಿಂಗ್ ಆದರೆ ಇದನ್ನ ಮಾಡಬೇಡಿ.

ಬೆಂಚ್ ಮೇಲೆ ತೂತಿರುವ ಟ್ರೇ, ಕೆಳಗೆ ಇನ್ನೊಂದು ಟ್ರೇ. ಜಾಬ್ ಹತ್ತು ನಿಮಿಷ ಬಸಿಯಲಿ. ಬಸಿದ ಕೂಲಂಟ್ ವಾಪಸ್ ಸಂಪ್‌ಗೆ (ಮಿಷಿನ್‌ನ ಕೂಲಂಟ್ ತೊಟ್ಟಿ).

ಗುಜರಿ_ಲೆಕ್ಕ
ಚಿಪ್ಸ್ ಡಬ್ಬವನ್ನೂ ಲೆಕ್ಕಕ್ಕೆ ಇಟ್ಕೊಳ್ಳಿ. ಗೋಣಿಚೀಲಕ್ಕೆ ತುಂಬಿ ಎಳೆದುಕೊಂಡು ಹೋಗೋದು ಬಹಳ ಶಾಪ್‌ಗಳಲ್ಲಿ ಇದೆ. ಮಿಷಿನ್‌ನಿಂದ ಗೇಟ್‌ತನಕ ನೆಲದ ಮೇಲೆ ಎಣ್ಣೆ ಗೆರೆ ಬೀಳೋದು ಅದರಿಂದಲೇ. ಟ್ರಾಲಿ ಮಾಡಿಸಿ: ತಳದಿಂದ 4 ಇಂಚು ಮೇಲೆ ತೂತಿನ ಪ್ಲೇಟ್, ಅತಿ ಕೆಳಗಿನ ಮೂಲೆಯಲ್ಲಿ ಅರ್ಧ ಇಂಚಿನ ಬಾಲ್ ವಾಲ್ವ್. ಒಂದು ರಾತ್ರಿ ನಿಂತರೆ ಲೀಟರ್‌ಗಟ್ಟಲೆ ಬಸಿಯುತ್ತೆ. ಅಲ್ಯೂಮಿನಿಯಂ ಚಿಪ್ಸ್‌ಗೆ ಬೇರೆ ಟ್ರಾಲಿ, ಬೇರೆ ಬಣ್ಣ. ಮಿಕ್ಸ್ ಆದರೆ ಗುಜರಿಯವನು ಎರಡಕ್ಕೂ ಕಬ್ಬಿಣದ ರೇಟೇ ಕೊಡ್ತಾನೆ, ನಿಮಗೇ ನಷ್ಟ.

ಉದ್ದುದ್ದ ಸುರುಳಿ ಚಿಪ್ಸ್ ಬರ್ತಿದ್ರೆ ಗುಡಿಸೋದಕ್ಕೆ ಮುಂಚೆ ಇನ್ಸರ್ಟ್ (ಟೂಲ್ ತುದಿಯ ಕತ್ತರಿಸುವ ತುಂಡು) ನೋಡಿ. ಫೀಡ್ (ಟೂಲ್ ಮುಂದೆ ಸಾಗುವ ವೇಗ) ಕಮ್ಮಿ ಇದ್ದರೆ ಇನ್ಸರ್ಟ್ ಮೇಲಿನ ಚಿಪ್ ಬ್ರೇಕರ್ ಕೆಲಸ ಮಾಡಲ್ಲ. ಫೀಡ್ ಸ್ವಲ್ಪ ಏರಿಸಿ, ಅಥವಾ ಆ ಕಟ್‌ಗೆ ಸರಿಯಾದ ಬ್ರೇಕರ್ ಇರುವ ಇನ್ಸರ್ಟ್ ಹಾಕಿ. ಆರು, ಒಂಬತ್ತು ಆಕಾರದಲ್ಲಿ ಮುರಿದು ಬಿದ್ದರೆ ಶಾಪ್ ಅರ್ಧ ಕ್ಲೀನ್.

ಪ್ರಶ್ನೆ_ಪದ್ಮ
ಸುರುಳಿ ಚಿಪ್ಸ್ ಎಳೆಯೋಕೆ ಹ್ಯಾಂಡ್ ಗ್ಲೌಸ್ ಕೊಟ್ಟರೆ ಆಗಲ್ವಾ? ಹುಡುಗರ ಕೈಯೆಲ್ಲ ಗೀರು.

ಗುಜರಿ_ಲೆಕ್ಕ
ಬೇಡವೇ ಬೇಡ ಮೇಡಂ. ತಿರುಗುವ ಚಕ್, ತಿರುಗುವ ಡ್ರಿಲ್ ಹತ್ತಿರ ಗ್ಲೌಸ್ ಹಾಕೋದು ಗೀರಿಗಿಂತ ಸಾವಿರ ಪಾಲು ಅಪಾಯ. ಬರಿಗೈ ಆದರೆ ಚರ್ಮ ಕಿತ್ತು ಬಿಡಿಸ್ಕೊಳ್ಳುತ್ತೆ. ಗ್ಲೌಸ್ ಬಟ್ಟೆ ಸುತ್ತಿಕೊಂಡರೆ ಕೈಯನ್ನೇ ಒಳಗೆ ಎಳೆಯುತ್ತೆ. 6 ಎಂಎಂ ಸರಳಿನಿಂದ ಒಂದೂವರೆ ಅಡಿ ಕೊಕ್ಕೆ ಮಾಡಿ. ಹಿಡಿಗೆ ಉಂಗುರ ಮಾಡಬೇಡಿ, ಬೆರಳು ಸಿಕ್ಕಿಕೊಳ್ಳುತ್ತೆ. ನೇರ ಹಿಡಿ, ಕೊಕ್ಕೆ ಕಡೆ ತಗಡಿನ ಚಿಕ್ಕ ಗಾರ್ಡ್. ಸ್ಪಿಂಡಲ್ ನಿಂತ ಮೇಲೇ ಎಳೆಯೋದು. ನಿಂತ ಮಿಷಿನ್‌ನಿಂದ ಚಿಪ್ಸ್ ಎತ್ತುವಾಗ, ಬಾರ್ ಹೊರುವಾಗ ಗ್ಲೌಸ್ ಇರಲಿ, ಅದು ಬೇರೆ.

ಹಾಗೇ ಕೈಗೆ ಕಟ್ಟಿದ ದಾರ, ಕಡಗ, ಉಂಗುರ, ತುಂಬುತೋಳಿನ ಅಂಗಿಯ ಬಿಚ್ಚಿದ ಕಫ್, ದುಪಟ್ಟಾ, ಬಿಟ್ಟ ಜಡೆ. ದಾರ ದೇವರದ್ದು ಅಂತ ಬಿಚ್ಚಲ್ಲ ಅಂದ್ರೆ ಮೊಣಕೈ ಮೇಲಕ್ಕೆ ಏರಿಸಿ, ಮೇಲೆ ಬಿಗಿ ತೋಳಿನ ಅಂಗಿ ಹಾಕಿಸಿ.

ಕೂಲಂಟ್_ಕಿಟ್ಟಪ್ಪ
ವಾಸನೆ ಬಗ್ಗೆ ಕೇಳಿದ್ರಿ. ಸೋಮವಾರ ಬೆಳಗ್ಗೆ ಶಟರ್ ಎತ್ತಿದಾಗ ಕೊಳೆತ ಮೊಟ್ಟೆ ನಾತ ಬಂದರೆ ಅದು ಕೂಲಂಟ್‌ನಲ್ಲಿರುವ ಬ್ಯಾಕ್ಟೀರಿಯಾ. ಸ್ಲೈಡ್‌ವೇ ಆಯಿಲ್ ಸಂಪ್ ಮೇಲೆ ಕೆನೆಯಂತೆ ಕೂತಿರುತ್ತೆ. ಭಾನುವಾರ ಪಂಪ್ ನಿಂತಾಗ ಅದರ ಕೆಳಗೆ ಗಾಳಿ ಆಡಲ್ಲ. ಗಾಳಿ ಇಲ್ಲದ ಕಡೆ ಬೆಳೆಯುವ ಜಾತಿ ಅದು.

ಮೊದಲನೇದು, ಕೆನೆ ತೆಗೀರಿ. ಬೆಲ್ಟ್ ಸ್ಕಿಮ್ಮರ್ ಒಳ್ಳೇದು. ಇಲ್ಲಾಂದ್ರೆ ಬೆಳಗ್ಗೆ ಪಂಪ್ ಆನ್ ಮಾಡೋಕೆ ಮುಂಚೆ ಕಪ್‌ನಲ್ಲಿ ಎತ್ತಿ. ಆನ್ ಮಾಡಿದ ಮೇಲೆ ಎಣ್ಣೆ ಕಲಸಿಹೋಗುತ್ತೆ, ಕೈಗೆ ಸಿಗಲ್ಲ. ರಜೆ ದಿನಕ್ಕೆ ಮೀನಿನ ತೊಟ್ಟಿಯ ಏರ್ ಪಂಪ್ ಸಂಪ್‌ಗೆ ಬಿಟ್ಟರೆ ನಾತ ಬಹಳ ಕಮ್ಮಿ.

ಎರಡನೇದು ಕಾನ್ಸಂಟ್ರೇಷನ್, ಅಂದರೆ ಕೂಲಂಟ್‌ನಲ್ಲಿ ಎಣ್ಣೆ ಎಷ್ಟು ಪಾಲು. ಇಎನ್8 ಟರ್ನಿಂಗ್‌ಗೆ 6 ಪರ್ಸೆಂಟ್ ಆಸುಪಾಸು ಸಾಕು. ಕೈಯಲ್ಲಿ ಮುಟ್ಟಿ, ಬಣ್ಣ ನೋಡಿ ಹೇಳೋದು ಬಿಟ್ಟು ಅದನ್ನ ಅಳೆಯುವ ರಿಫ್ರಾಕ್ಟೋಮೀಟರ್ ತಗೊಳ್ಳಿ. ಅದರಲ್ಲಿ ಬರುವ ಬ್ರಿಕ್ಸ್ ಅಂಕಿಯೇ ಪರ್ಸೆಂಟ್ ಅಲ್ಲ, ಕೂಲಂಟ್ ಕ್ಯಾನ್ ಜೊತೆ ಬರುವ ಶೀಟ್‌ನಲ್ಲಿ ಫ್ಯಾಕ್ಟರ್ ಇರುತ್ತೆ. ಫ್ಯಾಕ್ಟರ್ 1.5 ಇದ್ದು ಅಂಕಿ 4 ಬಂದರೆ ನಿಮ್ಮದು 6 ಪರ್ಸೆಂಟ್.

ಟಾಪ್‌ಅಪ್‌ನಲ್ಲೇ ಎಲ್ಲರೂ ಎಡವೋದು. ಆವಿಯಾಗೋದು ನೀರು, ಎಣ್ಣೆ ಅಲ್ಲ. 150 ಲೀಟರ್ ಸಂಪ್ 120ಕ್ಕೆ ಇಳಿದು 8 ಪರ್ಸೆಂಟ್ ತೋರಿಸ್ತಿದೆ ಅನ್ನಿ. ಒಳಗಿರುವ ಎಣ್ಣೆ 9.6 ಲೀಟರ್. 30 ಲೀಟರ್ ಬರೀ ನೀರು ಹಾಕಿದರೆ 6.4ಕ್ಕೆ ಬಂತು. ಅದರ ಬದಲು ಮತ್ತೆ 6 ಪರ್ಸೆಂಟ್‌ನದ್ದೇ ಕಲಸಿ ಹಾಕ್ತಾ ಹೋದರೆ ದಿನೇದಿನೇ ಗಟ್ಟಿಯಾಗಿ ನೆಲ ಅಂಟು, ಕೈ ತುರಿಕೆ. ಎಣ್ಣೆ ಸೇರಿಸಲೇಬೇಕು ಅಂದಾಗ ಬಕೆಟ್‌ನಲ್ಲಿ ನೀರು ಮೊದಲು, ಎಣ್ಣೆ ಆಮೇಲೆ, ಕಲಕುತ್ತಾ. ತಿರುಗಿಸಿ ಹಾಕಿದರೆ ಮೊಸರಿನಂತೆ ಒಡೆಯುತ್ತೆ.

ಬೋರ್‌ವೆಲ್ ನೀರು ಗಡಸು ಇದ್ದರೆ ಎಮಲ್ಷನ್ (ನೀರು, ಎಣ್ಣೆ ಬೆರೆತ ಮಿಶ್ರಣ) ನಿಲ್ಲಲ್ಲ, ಮಿಷಿನ್ ಒಳಗೆಲ್ಲ ಸೋಪಿನ ಗಸಿ ಕೂರುತ್ತೆ. ಆರ್‌ಒ ನೀರು ಹಾಕಿ. ಆರ್‌ಒ ಹೊರಗೆ ಬಿಡುವ ವೇಸ್ಟ್ ನೀರನ್ನ ಮಾತ್ರ ಉಳಿತಾಯ ಅಂತ ಹಾಕಬೇಡಿ, ಅದು ಬೋರ್ ನೀರಿಗಿಂತ ಗಡಸು. ಪಿಹೆಚ್ ಪಟ್ಟಿಯಲ್ಲಿ ವಾರಕ್ಕೊಮ್ಮೆ ನೋಡಿ. 8.5ಕ್ಕಿಂತ ಕೆಳಗೆ ಬಂದರೆ ತುಕ್ಕು, ನಾತ ಎರಡೂ ಹತ್ತಿರ ಬಂತು ಅಂತ. ಟೀ ಚರಟ, ಎಲೆಅಡಿಕೆ ಉಗುಳು ಸಂಪ್‌ಗೆ ಬಿದ್ದರೆ ಈ ಲೆಕ್ಕ ಎಲ್ಲ ವೇಸ್ಟ್.

ಉದ್ಯಮಬಾಗ್_ಫಿಟ್ಟರ್
ಗ್ರೈಂಡರ್ ಬಗ್ಗೆ ಯಾರೂ ಮಾತಾಡವಲ್ಲರಿ. ಶಾಪಿನಾಗ ಎಲ್ಲಾಕ್ಕಿಂತ ಗಲೀಜು ಮೂಲಿ ಅದ, ಎಲ್ಲಾಕ್ಕಿಂತ ಅಪಾಯನೂ ಅದ. ಆಡಿಟ್‌ದವರು ಬಂದ್ರ ಸೀದಾ ಅಲ್ಲಿಗೇ ಹೋಗ್ತಾರ ನೋಡ್ರಿ.

ಟೂಲ್ ರೆಸ್ಟಿಗೂ (ಜಾಬ್ ಇಟ್ಟು ಹಿಡಿಯೂ ಪಟ್ಟಿ) ಕಲ್ಲಿಗೂ ನಡುವೆ 3 ಎಂಎಂ, ಅದಕ್ಕಿಂತ ಹೆಚ್ಚಿರಬಾರದು. ಮ್ಯಾಲಿನ ನಾಲಿಗಿ ಪ್ಲೇಟಿಗೂ ಕಲ್ಲಿಗೂ 6 ಎಂಎಂ. ಯಾಕಂದ್ರ ಸಂದು ದೊಡ್ಡದಾದ್ರ ಜಾಬ್ ಒಳಗ ಜಗ್ಗಿಕೊಂಡು ಬೆಣೆ ಹೊಡದಂಗ ಆಗಿ ಕಲ್ಲು ಒಡೀತದ. ಕಲ್ಲು ಸವೆದಂಗ ಸಂದು ಬೆಳೀತದ. ಒಮ್ಮೆ ಸೆಟ್ ಮಾಡಿ ಬಿಟ್ರ ಆಗಂಗಿಲ್ಲ, ವಾರಕ್ಕೊಮ್ಮೆ ನೋಡಬೇಕು. ಒಂದು 3, ಒಂದು 6 ಎಂಎಂ ಪಟ್ಟಿ ಕತ್ತರಿಸಿ ಗ್ರೈಂಡರ್ ಸ್ಟ್ಯಾಂಡಿಗೇ ಸರಪಳಿ ಹಾಕಿ ನೇತು ಬಿಡ್ರಿ, ವರ್ನಿಯರ್ ಹುಡುಕೂದು ಬ್ಯಾಡ.

ಹೊಸ ಕಲ್ಲು ಹಾಕೂ ಮೊದಲು ಬಡದು ನೋಡ್ರಿ. ನಡುವಿನ ತೂತಿನಾಗ ಬೆರಳು ಹಾಕಿ ತೂಗಬಿಟ್ಟು, ಸ್ಕ್ರೂಡ್ರೈವರ್‌ದ ಪ್ಲಾಸ್ಟಿಕ್ ಹಿಡಿಕಿಲೆ ಅಂಚಿನಿಂದ ಒಂದೆರಡು ಇಂಚು ಒಳಗ, ನಡುಗೆರಿಯ ಎರಡೂ ಬಾಜು 45 ಡಿಗ್ರಿದಾಗ ತಟ್ರಿ. ಟಣ್ ಅಂದ್ರ ಗಟ್ಟಿ. ದಬ್ ಅಂದ್ರ ಸೀಳ್ಯದ, ಒಡದು ಒಗೀರಿ, ಇಲ್ಲಂದ್ರ ನಾಳೆ ಯಾರರ ಹಾಕ್ತಾರ. ಕಲ್ಲಿನ ಮ್ಯಾಲ ಬರದ ಆರ್‌ಪಿಎಂ ಮೋಟರ್‌ದಕ್ಕಿಂತ ಹೆಚ್ಚಿರಬೇಕು. ನಿಮ್ಮದು 8 ಇಂಚು, 2880 ಇದ್ರ ಅಂಚಿನ ವೇಗ ಸೆಕೆಂಡಿಗೆ 30 ಮೀಟರ್ ಆಗತದ. ಒಡದ ತುಂಡು ಅಷ್ಟ ವೇಗದಾಗ ಬರತದ. ಎರಡೂ ಬಾಜು ಕಾಗದದ ವಾಷರ್ ಇರಲಿ, ತೂತು ಬಿಗಿ ಇದ್ರ ಬಡದು ತೂರಿಸಬ್ಯಾಡ್ರಿ. ಎಡಗಡೆ ನಟ್ ಉಲ್ಟಾ ಥ್ರೆಡ್ ಇರತದ. ಹಾಕಿದ ಮ್ಯಾಲೆ ಒಂದು ನಿಮಿಷ ಖಾಲಿ ಓಡಿಸಿ ಬಾಜುಕ ನಿಂದ್ರಬೇಕು, ಮುಂದ ಅಲ್ಲ.

ಅಲ್ಯೂಮಿನಿಯಂ ಆ ಕಲ್ಲಿಗೆ ಮುಟ್ಟಿಸಬ್ಯಾಡ್ರಿ. ಕಲ್ಲಿನ ಸಂದಿ ತುಂಬಿ ಬಿಸಿಯಾಗಿ ಒಡೀತದ. ಮತ್ತ ಕೆಳಗ ಕಬ್ಬಿಣದ ಧೂಳ ಜೊತಿ ಅಲ್ಯೂಮಿನಿಯಂ ಧೂಳ ಕೂಡಿ ಕಿಡಿ ಬಿದ್ರ ಅದು ಹೊತ್ತೂ ರೀತಿನ ಬ್ಯಾರೆ. ನೀರು ಹಾಕಿ ಆರಿಸಾಕ ಹೋಗಬ್ಯಾಡ್ರಿ, ಒಣ ಮರಳು ಬಕೆಟ್ ಇರಲಿ.

ಪ್ರಶ್ನೆ_ಪದ್ಮ
ಎಣ್ಣೆ ಒರೆಸಿದ ಬನಿಯನ್ ವೇಸ್ಟ್ ಗುಡ್ಡೆ ಹಾಕಿದರೆ ತಾನಾಗೇ ಬೆಂಕಿ ಹತ್ತುತ್ತೆ ಅಂತಾರೆ, ನಿಜವಾ?

ಡ್ರಿಪ್‌ಟ್ರೇ
ಅರ್ಧ ನಿಜ. ಅಗಸೆಎಣ್ಣೆ, ಅದು ಸೇರಿದ ಪೇಂಟ್, ವಾರ್ನಿಷ್ ಒರೆಸಿದ ಬಟ್ಟೆ ಗಾಳಿ ಜೊತೆ ಸೇರಿ ಬಿಸಿಯಾಗುತ್ತೆ. ಗುಡ್ಡೆಯೊಳಗೆ ಬಿಸಿ ಹೊರಗೆ ಹೋಗದೆ ಹೊತ್ತಿಕೊಳ್ಳುತ್ತೆ. ಆಯುಧಪೂಜೆ ಪೇಂಟಿಂಗ್ ಆದಮೇಲೆ ಮೂಲೆಗೆ ಎಸೆಯುವ ಬಟ್ಟೆ ಇದೇ ಜಾತಿ. ಹೈಡ್ರಾಲಿಕ್, ಸ್ಲೈಡ್‌ವೇ ಥರದ ಮಿನರಲ್ ಎಣ್ಣೆ ಮಾಮೂಲಿ ಶಾಪ್ ಬಿಸಿಗೆ ಹಾಗೆ ಮಾಡೋದು ಅಪರೂಪ. ಆದರೆ ಗ್ರೈಂಡರ್ ಕಿಡಿ, ಬೀಡಿ ತುಂಡು ಬಿದ್ದರೆ ಎರಡೂ ಒಂದೇ. ಮುಚ್ಚಳ ತಾನಾಗಿ ಬೀಳುವ ತಗಡಿನ ಡಬ್ಬ ಇಟ್ಟು ದಿನಾ ಸಂಜೆ ಖಾಲಿ ಮಾಡಿ. ಪ್ಲಾಸ್ಟಿಕ್ ಡ್ರಮ್ ಬೇಡ. ಚೆಲ್ಲಿದ ಎಣ್ಣೆಗೆ ಮರದ ಹೊಟ್ಟು ಹಾಕ್ತೀರಲ್ಲ, ಅದನ್ನೂ ಹತ್ತು ನಿಮಿಷದಲ್ಲಿ ಎತ್ತಿ ಅದೇ ಡಬ್ಬಕ್ಕೆ. ಹೊಟ್ಟು ಹಾಕಿ ಮೂರು ದಿನ ಬಿಡೋದು ಕ್ಲೀನಿಂಗ್ ಅಲ್ಲ.

ಡೀಸೆಲ್, ಸೀಮೆಎಣ್ಣೆಯಲ್ಲಿ ಪಾರ್ಟ್ ತೊಳೆಯೋದು ಗ್ರೈಂಡರ್‌ನಿಂದ ಎಷ್ಟು ದೂರ ಆದರೆ ಅಷ್ಟು ಒಳ್ಳೇದು.

ಜಿ04_ಗೌಡ
ಏರ್ ಗನ್ ವಿಷಯ ಬಿಟ್ಟುಹೋಯ್ತು. ಸಾಯಂಕಾಲ 6 ಬಾರ್ ಗಾಳಿ ಹಿಡಿದು ಮಿಷಿನ್ ಊದೋದು ಕ್ಲೀನಿಂಗ್ ಅನ್ನೋ ನಂಬಿಕೆ ಇದೆ. ಸಣ್ಣ ಚಿಪ್ಸ್ ವೈಪರ್ ರಬ್ಬರ್ ದಾಟಿ ಸ್ಲೈಡ್ ಒಳಗೆ ಹೋಗುತ್ತೆ, ಮಿಕ್ಕಿದ್ದು ಪಕ್ಕದವನ ಕಣ್ಣಿಗೆ. ಬ್ರಷ್, ಕೊಕ್ಕೆ, ಆಮೇಲೆ ಬಟ್ಟೆ. ಚಿಕ್ಕ ತೂತಿಗೆ ಗಾಳಿ ಬೇಕೇಬೇಕು ಅಂದರೆ ಆ ಲೈನ್‌ಗೆ ಬೇರೆ ರೆಗ್ಯುಲೇಟರ್ ಹಾಕಿ 2 ಬಾರ್‌ಗೆ ಇಳಿಸಿ. ಅಮೆರಿಕದ ಸುರಕ್ಷತಾ ನಿಯಮದಲ್ಲಿ ಕ್ಲೀನಿಂಗ್‌ಗೆ 30 ಪಿಎಸ್‌ಐ ಮಿತಿ ಇದೆ, ಅಂದಾಜು ಅಷ್ಟೇ. ಮೈಮೇಲಿನ ಬಟ್ಟೆ ಊದಿಕೊಳ್ಳೋದು ತಮಾಷೆಗೂ ಬೇಡ. ಗಾಯದ ಮೂಲಕ ಗಾಳಿ ಚರ್ಮದೊಳಗೆ ಹೋದರೆ ಜೀವಕ್ಕೇ ಬರುತ್ತೆ.

ಗೇಜ್‌ಬ್ಲಾಕ್
ಜೋಡಿಸೋದರ ಬಗ್ಗೆ. 5ಎಸ್‌ನಲ್ಲಿ ಮೊದಲನೇದು ಸೆಯಿರಿ, ಅಂದರೆ ಬೇಡದ್ದನ್ನ ಬೇರೆ ಮಾಡೋದು. ಅದನ್ನ ಬಿಟ್ಟು ನೇರ ಶೆಲ್ಫ್ ಮಾಡಿಸಿದರೆ ಗುಜರಿಗೇ ಶೆಲ್ಫ್ ಮಾಡಿಸಿದಂತೆ. ಕೆಂಪು ಚೀಟಿಗೆ ದಾರ ಕಟ್ಟಿ, ಅನುಮಾನ ಇರುವ ಪ್ರತಿ ಫಿಕ್ಸ್‌ಚರ್, ಬೇರಿಂಗ್, ಮೋಟರ್‌ಗೆ ತಾರೀಖು ಬರೆದು ನೇತುಹಾಕಿ. 30 ದಿನದಲ್ಲಿ ಯಾರೂ ಮುಟ್ಟದಿದ್ದರೆ ಶಾಪ್‌ನಿಂದ ಹೊರಗೆ. ಮುಂದೆ ಬೇಕಾಗಬಹುದು ಅನ್ನೋ ಮಾತಿಗೆ ಒಂದೇ ಒಂದು ರ‍್ಯಾಕ್ ಕೊಡಿ, ಎರಡನೇದು ಕೊಡಬೇಡಿ.

ಟೂಲ್ ಬೋರ್ಡ್ ಆಪರೇಟರ್ ಬಲಗೈ ಕಡೆ, ಭುಜದ ಎತ್ತರ, ಆದರೆ ತಿರುಗುವ ಚಕ್ ದಾಟಿ ಕೈ ಚಾಚುವ ಹಾಗೆ ಇರಬಾರದು. ಹಳದಿ ಪ್ಲೈವುಡ್ ಮೇಲೆ ಪ್ರತಿ ಸ್ಪ್ಯಾನರ್‌ನ ಆಕಾರ ಕಪ್ಪು ಪೇಂಟ್‌ನಲ್ಲಿ. ಖಾಲಿ ಜಾಗ ದೂರದಿಂದಲೇ ಕಾಣಬೇಕು. ತಗೊಂಡವನು ತನ್ನ ನಂಬರ್ ಟೋಕನ್ ಮೊಳೆಗೆ ಹಾಕಲಿ. ಚಕ್ ಕೀಗೆ ಸ್ಪ್ರಿಂಗ್ ಇರುವ ಮಾದರಿ ತಗೊಳ್ಳಿ, ಕೈ ಬಿಟ್ಟರೆ ತಾನೇ ಹೊರಗೆ ನೂಕಿಕೊಳ್ಳುತ್ತೆ. ಚಕ್‌ನಲ್ಲೇ ಮರೆತ ಕೀ ಮಿಷಿನ್ ಸ್ಟಾರ್ಟ್ ಆದಾಗ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ.

ಬಾರ್ ಸ್ಟಾಕ್: ಇಎನ್8, ಇಎನ್24 ಕಣ್ಣಿಗೆ ಒಂದೇ. ಬಂದ ದಿನವೇ ಒಂದು ತುದಿಗೆ ಬಣ್ಣ. ಕತ್ತರಿಸೋದು ಯಾವಾಗಲೂ ಬಣ್ಣ ಇಲ್ಲದ ತುದಿಯಿಂದ, ಕೊನೇ ಮೋಟು ಉಳಿದರೂ ಅದರ ಗುರುತು ಉಳಿದಿರುತ್ತೆ. ಬಣ್ಣ ಹೋದ ಮೋಟು ಸಿಕ್ಕರೆ ಗುಜರಿಗೆ ಹಾಕಿ, ಊಹೆ ಬೇಡ. ರಿಜೆಕ್ಷನ್‌ಗೆ ಕೆಂಪು ಡಬ್ಬ, ಬೀಗ, ಬೀಗದ ಕೈ ಇನ್‌ಸ್ಪೆಕ್ಷನ್‌ನವರ ಹತ್ತಿರ.

ಮೈಕ್ರೋಮೀಟರ್ ಇಡುವಾಗ ಎರಡು ಮುಖ ಮುಚ್ಚಿ ಬಿಗಿ ಮಾಡಿಡಬೇಡಿ, ಕೂದಲೆಳೆ ಸಂದು ಬಿಡಿ. ಬಿಸಿ ಏರಿದಾಗ ಮುಖ ಒತ್ತಿಕೊಳ್ಳಲ್ಲ, ನಡುವೆ ತೇವ ಕೂತು ತುಕ್ಕು ಹಿಡಿಯಲ್ಲ.

ಎಂಸಿಬಿ_ಮಂಜು
ಎರಡೇ ಮಾತು. ಪ್ಯಾನೆಲ್ ಮುಂದೆ 1 ಮೀಟರ್ ಖಾಲಿ ಇರಬೇಕು, ವಿದ್ಯುತ್ ಸುರಕ್ಷತಾ ನಿಯಮದಲ್ಲೇ ಇದೆ. ಅಲ್ಲೇ ರಟ್ಟಿನ ಡಬ್ಬ, ಟಿಫಿನ್ ಬ್ಯಾಗು ಇಡೋದು. ನೆಲಕ್ಕೆ ಹಳದಿ ಚೌಕ ಬರೆದು ಒಳಗೆ ಅಡ್ಡಗೆರೆ ಹಾಕಿ. ಪ್ಯಾನೆಲ್ ಬಾಗಿಲು ತೆಗೆದು ಟೇಬಲ್ ಫ್ಯಾನ್ ಇಡೋದು ಇನ್ನೊಂದು. ಕೂಲಂಟ್ ಮಂಜು, ಕಬ್ಬಿಣದ ಧೂಳು ಡ್ರೈವ್ ಮೇಲೆ ಕೂತು ಶಾರ್ಟ್ ಆಗುತ್ತೆ. ಪ್ಯಾನೆಲ್ ಬಿಸಿಯಾಗ್ತಿದ್ರೆ ಫಿಲ್ಟರ್ ತೊಳೀರಿ, ಒಳಗಿನ ಫ್ಯಾನ್ ತಿರುಗ್ತಿದೆಯಾ ನೋಡಿ. ಅದರ ಹತ್ತಿರ ಸಿಓ2 ಸಿಲಿಂಡರ್, ಉಳಿದ ಕಡೆ ಎಬಿಸಿ ಪೌಡರ್, ಮುಳ್ಳು ಹಸಿರಲ್ಲಿರಲಿ.

ಮಿಷಿನ್ ಒಳಗೆ ಕೈ ಹಾಕಿ ಕ್ಲೀನ್ ಮಾಡುವ ಮುಂಚೆ ಎಮರ್ಜೆನ್ಸಿ ಒತ್ತಿದರೆ ಸಾಲದು. ಮೇನ್ ಆಫ್, ಬೀಗ, ಕೀ ಕ್ಲೀನ್ ಮಾಡುವವನ ಜೇಬಲ್ಲಿ.

ಡ್ರಿಪ್‌ಟ್ರೇ
ಈಗ ನೆಲ. ಸೋರೋದು ನಿಂತು ಒಂದು ತಿಂಗಳು ಆದಮೇಲೆ. ಎಣ್ಣೆ ಕುಡಿದ ಸಿಮೆಂಟ್‌ಗೆ ಕ್ಷಾರದ ಡಿಗ್ರೀಸರ್ ಬಿಸಿನೀರಲ್ಲಿ ಹಾಕಿ ಉಜ್ಜಿ, ತೊಳೆದ ನೀರು ಮೋರಿಗೆ ಬಿಡದೆ ಎತ್ತಿ. ಒಣಗಿದ ಮೇಲೆ ನೀರು ಚಿಮುಕಿಸಿ: ಮುತ್ತಿನಂತೆ ನಿಂತರೆ ಎಣ್ಣೆ ಇನ್ನೂ ಒಳಗಿದೆ, ಹೀರಿಕೊಂಡರೆ ಸರಿ. ತೇವ ನೋಡೋಕೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆ ನಾಲ್ಕೂ ಅಂಚಿಗೆ ಟೇಪ್ ಹಾಕಿ 16 ಗಂಟೆ ಬಿಡಿ. ಅಡಿಯಲ್ಲಿ ಬೆವರಿದ್ದರೆ ಎಪಾಕ್ಸಿ ಏಳುತ್ತೆ. ಎರಡೂ ಪಾಸ್ ಆದರೆ ಗ್ರೈಂಡ್ ಮಾಡಿಸಿ, ಪ್ರೈಮರ್, ಎಪಾಕ್ಸಿ, ಮಿಷಿನ್ ಸುತ್ತ ಸಿಲಿಕಾ ಮರಳು ಉದುರಿಸಿದ ಒರಟು ಮೇಲ್ಮೈ. ದಾರಿ ಗೆರೆ ಎರಡರಿಂದ ಮೂರು ಇಂಚು ಅಗಲ, ಪೇಂಟ್‌ನಲ್ಲೇ. ಕೂಲಂಟ್ ಬೀಳುವ ಕಡೆ ಟೇಪ್ ನಿಲ್ಲಲ್ಲ.

ಗುಜರಿ_ಲೆಕ್ಕ
ಹಳೇ ಎಣ್ಣೆ, ಕೆಟ್ಟ ಕೂಲಂಟ್ ರಾತ್ರಿ ಮೋರಿಗೆ ಬಿಡೋದು, ಬೀದಿಯಲ್ಲಿ ಬರುವವನಿಗೆ ಮಾರೋದು ಎರಡೂ ಸಿಕ್ಕಿಬೀಳುವ ದಾರಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪ್ರಕಾರ ಬಳಸಿದ ಎಣ್ಣೆ, ಎಣ್ಣೆ ಹತ್ತಿದ ಬಟ್ಟೆ ಎರಡೂ ಆ ಪಟ್ಟಿಯಲ್ಲಿವೆ. ಇಟ್ಟುಕೊಳ್ಳೋಕೆ 90 ದಿನ, ಫಾರ್ಮ್ 3ರಲ್ಲಿ ಲೆಕ್ಕ, ಕಳಿಸುವಾಗ ಫಾರ್ಮ್ 10 ಮ್ಯಾನಿಫೆಸ್ಟ್ (ಸಾಗಣೆ ಚೀಟಿ), ವರ್ಷಕ್ಕೊಮ್ಮೆ ಜೂನ್ 30ರೊಳಗೆ ಫಾರ್ಮ್ 4 ರಿಟರ್ನ್. ಮಾಲಿನ್ಯ ಮಂಡಳಿ ಅನುಮತಿ ಇರುವವರಿಗೇ ಕೊಡಿ. 210 ಲೀಟರ್ ಬ್ಯಾರಲ್ ಇಡೋಕೆ ಒಳಅಳತೆ 4×4 ಅಡಿ, 7 ಇಂಚು ಎತ್ತರದ ಇಟ್ಟಿಗೆ ಕಟ್ಟೆ ಕಟ್ಟಿ ಒಳಗೆ ಪ್ಲಾಸ್ಟರ್ ಮಾಡಿಸಿ. ಬ್ಯಾರಲ್ ಪೂರ್ತಿ ಸೋರಿದರೂ ಒಳಗೇ ಉಳಿಯುತ್ತೆ. ಮೇಲೆ ಶೀಟ್ ಹಾಕಿ, ಇಲ್ಲಾಂದ್ರೆ ಮೊದಲ ಮಳೆಗೇ ಕಟ್ಟೆ ತುಂಬುತ್ತೆ.

ಕೂಲಂಟ್_ಕಿಟ್ಟಪ್ಪ
ಹಬ್ಬದ ದಿನದ್ದೂ ಹೇಳಿಬಿಡ್ತೀನಿ. ಪೈಪ್ ಹಿಡಿದು ಮಿಷಿನ್ ತೊಳೆಯಬೇಡಿ, ಮೋಟರ್, ಲಿಮಿಟ್ ಸ್ವಿಚ್‌ಗೆ ನೀರು ಹೋದರೆ ಮಾರನೇ ದಿನ ಅಲಾರಂ. ಕುಂಕುಮ, ವಿಭೂತಿ ಬೆಡ್ ಮೇಲೆ, ಸ್ಲೈಡ್ ಮೇಲೆ ಬೇಡ, ಎಣ್ಣೆ ಜೊತೆ ಸೇರಿ ಉಜ್ಜುವ ಪೇಸ್ಟ್ ಆಗುತ್ತೆ. ಹೆಡ್‌ಸ್ಟಾಕ್ ಕವರ್ ಮೇಲೆ ಹಚ್ಚಿ. ಹಾರ ಕಂಟ್ರೋಲ್ ಪ್ಯಾನೆಲ್ ಮೇಲ್ಭಾಗಕ್ಕೆ. ಎಸಳು ಸಂಪ್‌ಗೆ ಬಿದ್ದರೆ ಪಂಪ್ ಜಾಲರಿ ಕಟ್ಟಿಕೊಳ್ಳುತ್ತೆ, ಉಳಿದದ್ದು ಕೊಳೆಯುತ್ತೆ. ಕರ್ಪೂರ ಮಿಷಿನ್ ಮೇಲೆ ಅಲ್ಲ, ನೆಲದಲ್ಲಿ ಮರಳು ತುಂಬಿದ ತಟ್ಟೆಯಲ್ಲಿ. ಬೂದುಗುಂಬಳ ಒಡೆದ ಮೇಲೆ ಹೋಳು ರಸ್ತೆಯಿಂದ ಎತ್ತಿ, ಟೂವೀಲರ್‌ನವರು ಬೀಳ್ತಾರೆ.

ಸೆಕೆಂಡ್‌ಸ್ಟೇಜ್_ಟರ್ನಿಂಗ್
ಎಲ್ಲರಿಗೂ ಥ್ಯಾಂಕ್ಸ್. ಗ್ರೈಂಡರ್ ಸಂದು ಅಳತೆ: ರೆಸ್ಟ್ 9 ಎಂಎಂ, ಮೇಲಿನ ನಾಲಿಗೆ ಪ್ಲೇಟ್ ಇಲ್ಲವೇ ಇಲ್ಲ. ರೆಸ್ಟ್ ಇನ್ನು ಮುಂದಕ್ಕೆ ಬರ್ತಿಲ್ಲ, ಸ್ಲಾಟ್ ಮುಗಿದಿದೆ.

ಉದ್ಯಮಬಾಗ್_ಫಿಟ್ಟರ್
ಹಂಗಂದ್ರ ಕಲ್ಲು ಸವೆದು ಮುಗದದ ರೀ, ಬದಲಿ ಮಾಡ್ರಿ. ಸ್ಲಾಟ್ ಫೈಲ್ ಮಾಡಿ ಉದ್ದ ಮಾಡಾಕ ಹೋಗಬ್ಯಾಡ್ರಿ. ನಾಲಿಗಿ ಪ್ಲೇಟ್ 3 ಎಂಎಂ ಎಂಎಸ್ ಪ್ಲೇಟಿನಾಗ ಕತ್ತರಿಸಿ, ಗಾರ್ಡಿನ ಅಗಲಕ್ಕ ಸರಿಯಾಗಿ ಎರಡು ಸ್ಲಾಟ್ ಕೊಟ್ಟು ಬೋಲ್ಟ್ ಹಾಕ್ರಿ, ಮುಂದ ಕಲ್ಲು ಸವೆದಂಗ ಇಳಸಾಕ ಬರಬೇಕು. ಅಲ್ಲೀತನ ಪ್ಲಗ್ ಕಿತ್ತು ಇಡ್ರಿ.